ಗಲ್ಲದೊಳಗಿನ ಬಿಳಿ ಕಲೆ

ಬಾಗಿಲ ಬೆಳಕಿಗೆ ಬಂದು ಬಾಯಿ ತೆರೆಯಿರಿ ಎಂದು ಕರೆದಾಗಲೆಲ್ಲ ನೀವು ನಗುತ್ತೀರಿ. "ಅಜ್ಜೀಗೆ ಹಲ್ಲಿನ ಡಾಕ್ಟರ್ ಆಗೂ ಆಸೆ ಇತ್ತಂತ" ಎಂದು ಆಡಿಕೊಳ್ಳುವುದೂ ನನಗೆ ಕೇಳಿಸುತ್ತದೆ. ಎದುರಿಗೆ ಕೂತು ಅದರ ಕಾರಣ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಮಸಗುಪ್ಪಿಯಲ್ಲಿದ್ದೆವು. ನಿಮ್ಮ ಅಜ್ಜ ಕಾಲುವೆ ಕೆಲಸಕ್ಕೆ ಹೋಗುತ್ತಿದ್ದರು, ನಿಮ್ಮವ್ವ ಒಂಬತ್ತನೆಯ ತರಗತಿಯಲ್ಲಿದ್ದಳು. ನಾನು ಹದಿಮೂರು ವರ್ಷದವಳಿದ್ದಾಗಿನಿಂದ ಮಿಸ್ರಿ ಹಚ್ಚುತ್ತಿದ್ದೆ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ ಅದು. ನಮ್ಮವ್ವ, ಅತ್ತೆ, ಓಣಿಯ ಹೆಂಗಸರು ಎಲ್ಲರೂ ಅದರಿಂದಲೇ ಹಲ್ಲು ತಿಕ್ಕುತ್ತಿದ್ದರು. ಹಲ್ಲು ತಿಕ್ಕುವುದು ಬರೀ ನೆಪ. ಬೆಳಿಗ್ಗೆ ಒಮ್ಮೆ, ಭಾಂಡೆ-ಪಾತ್ರೆ ತೊಳೆದ ಮೇಲೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ಗಲ್ಲದೊಳಗೆ ಸವರಿಕೊಂಡು ಸುಮ್ಮನೆ ಕೂತರೆ ತಲೆ ಹಗುರಾಗುತ್ತಿತ್ತು.

ಆ ವರ್ಷ ಎಡಗಲ್ಲದ ಒಳಗೆ ನಾಲಿಗೆಗೆ ಏನೋ ಒರಟಾಗಿ ತಾಗತೊಡಗಿತು. ಕನ್ನಡಿಯಲ್ಲಿ ನೋಡಿದರೆ ಹಾಲಿನ ಕೆನೆಯಂಥ ಕಲೆ. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಖಾರ ತಿಂದರೆ ಉರಿಯತೊಡಗಿದಾಗ ನಿಮ್ಮವ್ವನನ್ನು ಕರೆದುಕೊಂಡು ಗೋಕಾಕಿನ ಹಲ್ಲಿನ ದವಾಖಾನೆಗೆ ಹೋದೆ. ಡಾಕ್ಟರು ಹೆಂಗಸು ಎಂಬುದೊಂದೇ ಧೈರ್ಯ. ಬಾಯಿ ಚೊಕ್ಕಟವಾಗಿರಲಿ ಎಂದು ಹೊರಡುವ ಮೊದಲು ದಿನಕ್ಕಿಂತ ಹೆಚ್ಚೇ ಮಿಸ್ರಿ ಹಚ್ಚಿ ತಿಕ್ಕಿಕೊಂಡಿದ್ದೆ.

"ಏನ್ರಿ ಇದು, ಬಾಯಾಗ ಇದ್ದಲಿ ಅಂಗಡಿ ಇಟ್ಟೀರಿ?" ಎಂದರು ಡಾಕ್ಟರು.

"ನಿಮ್ಮ ಕಡೆ ಬರೂದಿತ್ತಲ್ರಿ ಮೇಡಮ್ಮರ, ಚೊಲೋತಂಗ ತಿಕ್ಕೊಂಡ ಬಂದೇನ್ರಿ."

ಮಗಳು ಮುಖ ತಿರುಗಿಸಿ ನಕ್ಕಳು. ಡಾಕ್ಟರು ಬ್ಯಾಟರಿ ಹಿಡಿದು ಗಲ್ಲದೊಳಗೆ ನೋಡುತ್ತಲೇ ಇದ್ದರು. ಆಮೇಲೆ ಕಲೆಯಿಂದ ಒಂದು ಚೂರು ತೆಗೆದು, ಪರೀಕ್ಷೆಗೆ ಬೆಳಗಾವಿಗೆ ಕಳಿಸುವುದಾಗಿಯೂ ಹತ್ತು ದಿನ ಬಿಟ್ಟು ಬರಬೇಕೆಂದೂ ಹೇಳಿದರು. ಅಂದಿನಿಂದಲೇ ಮಿಸ್ರಿ ಬಂದ್.

"ಇಷ್ಟ ವರ್ಷ ಹಚ್ಚೇನ್ರಿ. ಈಗ ಬಿಟ್ರ ಏನ್ ಉಪಯೋಗ್ರಿ?"

ಅವರು ಚೀಟಿಯ ಹಿಂದೆ ಒಂದಕ್ಕೊಂದು ಸುತ್ತಿಕೊಂಡ ಎರಡು ಎಳೆ ಬರೆದರು. "ಮೈಯಾಗಿನ ಒಂದೊಂದ ಜೀವಕೋಶದಾಗೂ ಇಂಥಾ ಡಿಎನ್‌ಎ ಐತಿ ನೋಡ್ರಿ. ಕೋಶ ಯಾವಾಗ ಬೆಳೀಬೇಕು, ಯಾವಾಗ ನಿಲ್ಲಬೇಕು ಅನ್ನೂದು ಇದರಾಗ ಬರದಿರತೈತಿ. ಬಿಸಲಿಗೆ, ಹೊಗಿಗೆ, ಸುಮ್ನ ಉಸರಾಡಿದ್ರೂ ಆ ಬರವಣಿಗಿ ದಿನಾ ಅಲ್ಲಲ್ಲೆ ಕೆಡತೈತಿ. ಅದನ್ನ ರಿಪೇರಿ ಮಾಡಾವ್ರು ಕೋಶದಾಗನ ಅದಾರ ಅಂತ ತಿಳ್ಕೋರಿ. ಕೆಟ್ಟ ತುಂಡು ಕತ್ತರಿಸಿ ತಗೀತಾರ, ಎದುರಿನ ಎಳಿ ನೋಡಿ ಮತ್ತ ಸರಿಯಾಗಿ ಬರೀತಾರ. ಅಲ್ಲೀತನಕ ಕೋಶ ಒಂದಿದ್ದದ್ದು ಎರಡಾಗೂದನ್ನ ತಡೀತೈತಿ."

"ಹಂಗಾದ್ರ ನನಗ್ಯಾಕ ಹಿಂಗಾತ್ರಿ?"

"ಅವರು ಒಂದ ಸರಿ ಮಾಡೂದ್ರಾಗ ನೀವು ಹತ್ತ ಕೆಡಸ್ತೀರಿ. ಉಳಿದ ತಪ್ಪು ನಕಲ ಆಕ್ಕೋಂತ ಹೋದ್ರ, ನಿಲ್ಲಬೇಕಾದ ಕೋಶ ನಿಲ್ಲೂದಿಲ್ಲ. ಅದ ಕ್ಯಾನ್ಸರ್."

ಆ ಮಾತು ಕೇಳಿದ ಮೇಲೆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಸೀಟಿದ್ದರೂ ನಿಂತೇ ಬಂದೆ.

ಮಿಸ್ರಿ ಇಲ್ಲದ ಬೆಳಗು ಹೇಗಿರುತ್ತದೆ ಎಂದು ನಿಮಗೆ ಹೇಗೆ ತಿಳಿಸಲಿ? ಬೆರಳು ತಾನಾಗಿ ಬಾಯಿಗೆ ಹೋಗುತ್ತಿತ್ತು. ರೊಟ್ಟಿ ಹಂಚಿನ ಮೇಲೆ ಬಿಟ್ಟು ಅಂಗಳಕ್ಕೆ ಹೋಗುತ್ತಿದ್ದೆ, ಯಾಕೆ ಬಂದೆ ಎಂದು ತಿಳಿಯದೆ ಒಳಗೆ ಬರುತ್ತಿದ್ದೆ. ಗುಡಿಸಿದ ಮನೆಯನ್ನೇ ಮತ್ತೆ ಗುಡಿಸುತ್ತಿದ್ದೆ. ನಾಲಿಗೆ ಮಾತ್ರ ಹೊತ್ತುಗೊತ್ತಿಲ್ಲದೆ ಆ ಕಲೆಯನ್ನೇ ತಡಕುತ್ತಿತ್ತು. ಬೆಳಗಾವಿಗೆ ಹೋದ ಆ ಚೂರನ್ನು ಈಗ ಯಾರು ನೋಡುತ್ತಿರಬಹುದು?

ಮೂರನೆಯ ದಿನ ನಿಮ್ಮ ಅಜ್ಜನಿಗೆ ಬುತ್ತಿ ಒಯ್ದೆ. ಕಾಲುವೆಯ ನೀರು ನಿಲ್ಲಿಸಿದ್ದರು. ಒಣಗಿದ ಕಾಲುವೆಯೊಳಗಿಳಿದು ಬಿರುಕು ಬಿಟ್ಟ ಭಾಗವನ್ನು ಒಡೆದು ತೆಗೆಯುತ್ತಿದ್ದರು. ದಂಡೆಯಲ್ಲಿ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ತಿಳಿದಷ್ಟು ಹೇಳಿದೆ.

"ಖರೆ ಐತಿ," ಎಂದರು. "ನೀರ ಹರಿಯೂ ಮುಂದ ಕಾಲವಿ ರಿಪೇರಿ ಮಾಡಾಕ ಬರತೈತೇನ? ಮೊದಲ ಬಂದ್ ಮಾಡಬೇಕ. ರೈತರು ಬೇಕಾದಷ್ಟ ಬೈಲಿ." ರೊಟ್ಟಿ ಮುರಿಯುತ್ತ ನನ್ನ ಕಡೆ ನೋಡಿದರು. "ಮಿಸ್ರಿ ಡಬ್ಬಿ ಒಗದಿ?"

"ಒಗದ್ನಿ."

ಎಸೆದಿರಲಿಲ್ಲ. ಜೋಳದ ಚೀಲದ ಹಿಂದೆ ಇಟ್ಟಿದ್ದೆ.

ಐದನೆಯ ದಿನ ಮಧ್ಯಾಹ್ನ ತಡೆಯಲಾಗದೆ ಡಬ್ಬಿ ತೆಗೆದೆ. ಮುಚ್ಚುವ ಮುನ್ನ ತಟ್ಟಿ ಪುಡಿಯನ್ನು ಸಮ ಮಾಡುವುದು ನನ್ನ ರೂಢಿ. ಅದರಲ್ಲೀಗ ಬೆರಳು ಊರಿದ ಗುಳಿ ಇತ್ತು. ನನ್ನ ಬೆರಳಿಟ್ಟು ನೋಡಿದೆ. ಗುಳಿ ಸಣ್ಣದು.

ಮಗಳು ಶಾಲೆಯಿಂದ ಬರುವವರೆಗೆ ಹೊಸ್ತಿಲಲ್ಲಿ ಡಬ್ಬಿ ಹಿಡಿದುಕೊಂಡೇ ಇದ್ದೆ.

"ಇದೇನ?" ಎಂದು ಗುಳಿ ತೋರಿಸಿದೆ.

"ಹಲ್ಲ ನೂಸ್ತಿತ್ತು. ಹ್ವಾದ ವರ್ಷ ನನಗ ನೀನ ಹಚ್ಚಿದ್ದೆಲ್ಲ?"

"ಡಾಕ್ಟರ್ ಹೇಳಿದ್ದ ಕೇಳಿದ್ದಿ ಇಲ್ಲ?"

"ನೀನೂ ಕೇಳಿದ್ದಿ," ಎಂದಳು. "ಒಗದ್ನಿ ಅಂತ ಅಪ್ಪಗ ಹೇಳೀಯಂತ."

ಹೊಡೆಯಲು ಕೈ ಎತ್ತಿದೆ. ಡಬ್ಬಿ ಅದೇ ಕೈಯಲ್ಲಿತ್ತು. ಅವಳ ಎದುರಿಗೇ ಪುಡಿಯನ್ನೆಲ್ಲ ಬಚ್ಚಲೊಲೆಯ ಬೂದಿಗೆ ಸುರಿದು ಮೇಲೆ ನೀರು ಹೊಯ್ದೆ. ಆಮೇಲೆ ಅವಳನ್ನು ಬಾಗಿಲ ಬೆಳಕಿಗೆ ಎಳೆದು ಬಾಯಿ ತೆರೆಸಿ ನೋಡಿದೆ. ಗಲ್ಲ ಗುಲಾಬಿ ಬಣ್ಣಕ್ಕಿತ್ತು. ಆದರೂ ನಂಬಿಕೆ ಬರಲಿಲ್ಲ. ಮದುವೆಯಾಗಿ ಹೋಗುವವರೆಗೂ ತಿಂಗಳಿಗೊಮ್ಮೆ ನೋಡಿದೆ.

ಹತ್ತನೆಯ ದಿನ ಡಾಕ್ಟರು ಕಾಗದ ಓದಿ ಹೇಳಿದರು: ಕ್ಯಾನ್ಸರ್ ಅಲ್ಲ, ಆದರೆ ಕೆಲವು ಕೋಶಗಳು ದಾರಿ ತಪ್ಪತೊಡಗಿವೆ. ಮಿಸ್ರಿ ಮುಟ್ಟಕೂಡದು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ವರ್ಷದೊಳಗೆ ಕಲೆ ತೆಳುವಾಯಿತು, ಕುಗ್ಗಿತು. ಪೂರ್ತಿ ಹೋಗಲಿಲ್ಲ. ಎಲ್ಲ ತಪ್ಪೂ ರಿಪೇರಿಯಾಗುತ್ತದೆ ಎಂದು ಹೇಳಲಾಗದು ಎಂದಿದ್ದರು ಅವರು. ಜೋಳದ ಕಾಳಿನಷ್ಟು ಇನ್ನೂ ಉಳಿದಿದೆ. ಬರೆಯುತ್ತಿರುವಾಗಲೂ ನಾಲಿಗೆ ಅಲ್ಲಿಗೇ ಹೋಗುತ್ತಿದೆ.

ಇಷ್ಟು ವರ್ಷ ನಿಮ್ಮ ಅಜ್ಜ ಪ್ರತಿ ತಿಂಗಳು ಬ್ಯಾಟರಿ ಹಿಡಿದು ನೋಡಿ, "ಅಷ್ಟ ಐತಿ, ಬೆಳದಿಲ್ಲ" ಎನ್ನುತ್ತಿದ್ದರು. ಈಗ ಅವರಿಲ್ಲ. ಕನ್ನಡಿಯಲ್ಲಿ ನನಗೆ ಸರಿಯಾಗಿ ಕಾಣುವುದಿಲ್ಲ. ದವಾಖಾನೆಗೆ ಹೋಗುತ್ತೇನೆ, ಆದರೆ ನಡುವಿನ ದಿನಗಳೇ ಉದ್ದ. ಇನ್ನು ಮುಂದೆ ನಿಮ್ಮ ಬಾಯಿ ನೋಡಿದ ಮೇಲೆ ನಾನು ಸೆರಗು ಸರಿಸಿ ನನ್ನ ಬಾಯಿ ತೆರೆಯುತ್ತೇನೆ. ಆಗ ನಗಬೇಡಿ. ಎಡಗಲ್ಲ, ಕೆಳಗಿನ ಕೊನೆಯ ಹಲ್ಲಿನ ಎದುರಿಗೆ ನೋಡಿ, ಎಷ್ಟಿದೆಯೋ ಅಷ್ಟು ಹೇಳಿ.