ಲಕ್ಕಯ್ಯನ ಎರಡು ಕಲ್ಲು

ಠಣ್ ಎಂದು ಸುತ್ತಿಗೆಯ ಸದ್ದು ಕೇಳಿದರೆ ಮಾರನಹಳ್ಳಿಯಲ್ಲಿ ಯಾರೋ ಮನೆ ಕಟ್ಟಲು ಹೊರಟಿದ್ದಾರೆ, ಇಳಿಜಾರಿನ ಬಂಡೆ ಭದ್ರವೇ ಎಂದು ಲಕ್ಕಯ್ಯ ನೋಡಲು ಬಂದಿದ್ದಾನೆ ಎಂದೇ ಅರ್ಥ. ನಲವತ್ತು ವರ್ಷ ಬಂಡೆ ಒಡೆದ ಅವನ ಪಾಲಿಗೆ ಲೋಕದಲ್ಲಿರುವುದು ಎರಡೇ ಕಲ್ಲು. "ಕರಿಕಲ್ಲು ಬೆಂಕಿಗೆ ಹುಟ್ಟಿದ್ದು ಕಣೋ, ಭೂಮಿ ಹೊಟ್ಟೇಲಿ ಕುದ್ದು ಆರಿದ್ದು. ಜಂಬಿಟ್ಟಿಗೆ ಮಳೆಗೆ ಹುಟ್ಟಿದ್ದು, ಅದೇ ಕಲ್ಲು ನೆಂದು ಕೊಳೆತು ಕೆಂಪಾಗಿದ್ದು." ಮನುಷ್ಯರನ್ನೂ ಅವನು ಹೀಗೇ ವಿಂಗಡಿಸುತ್ತಾನೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಂಬಿಟ್ಟಿಗೆ, ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಬಿಗಿಯುವವನು. ತನ್ನ ಅತ್ತೆ ಕರಿಕಲ್ಲು, ಉಳಿಯೇ ಮುರಿದರೂ ಬಿರುಕು ಬಿಡದವಳು. ಆದರೆ ಮೂರು ವರ್ಷದಿಂದ ಅವನು ಬರೀ ಬಡಿದು ಮಾತು ಕೊಡುವುದಿಲ್ಲ. ಮಂಡಿಯೂರಿ ಬಂಡೆಯ ಬುಡಕ್ಕೆ ಮೊಣಕೈವರೆಗೆ ಕೈ ತೂರಿಸುತ್ತಾನೆ. ಇವತ್ತೂ ತೂರಿಸಿ, ಹಿಡಿ ಮಣ್ಣು ತೆಗೆದು, ಮನೆ ಕಟ್ಟಲು ಹೊರಟ ಸುರೇಂದ್ರನಿಗೆ ತೋರಿಸಿದ. "ಬಂಡೆ ಕರಿಕಲ್ಲೇ. ಕೂತಿರೋದು ಮಣ್ಣಿನ ಮೇಲೆ. ಇದರ ಕೆಳಗೆ ಮನೆ ಬ್ಯಾಡ." "ಇಷ್ಟು ವರ್ಷ ನಿಂತೈತಲ್ಲ ಲಕ್ಕಯ್ಯಣ್ಣ. ಏನೂ ಆಗಲ್ಲ ಅಂದ್ಬುಡಿ, ನಾಳೇನೇ ಪಾಯ ತೆಗೀತೀನಿ." ಲಕ್ಕಯ್ಯ ಕೈ ಒರೆಸಿಕೊಂಡ. ಮೂರು ವರ್ಷದ ಹಿಂದೆ ತನ್ನ ಮನೆಯ ಹಿಂದಿನ ಬಂಡೆಯನ್ನು ಅವನು ಬರೀ ಬಡಿದು ನೋಡಿದ್ದ. ಸದ್ದು ಚೊಕ್ಕವಾಗಿತ್ತು. ಹೆದರಿದ ಹೆಂಡತಿ ಇಂದ್ರಮ್ಮನಿಗೆ ಏನೂ ಆಗಲ್ಲ ಅಂದಿದ್ದ. ಆ ಆಷಾಢದಲ್ಲಿ ಬುಡದ ಮಣ್ಣು ಕರಗಿ ಬಂಡೆ ಅಡುಗೆಮನೆಯ ಮೇಲೆ ಉರುಳಿದಾಗ ಇಂದ್ರಮ್ಮ ಒಲೆಯ ಮುಂದಿದ್ದಳು. "ಒಂದ್ ಮಾತು ಅಷ್ಟೇ ಅಣ್ಣ, ನಿಮ್ಮ ಬಾಯಲ್ಲಿ ಬಂದ್ರೆ ನನ್ನ ಹೆಂಡ್ತೀನೂ ಒಪ್ತಾಳೆ" ಎಂದು ಸುರೇಂದ್ರ ಹೇಳುತ್ತಲೇ ಇದ್ದ. ಲಕ್ಕಯ್ಯ ಆಗಲೇ ಇಳಿಜಾರು ಇಳಿಯತೊಡಗಿದ್ದ.