ಬಿಪಿ ಕಡಿಮೆ ಎಂದು ಸುಮ್ಮನಿದ್ದಿದ್ದರೆ

ರೊಟ್ಟಿ ಬಡಿಯುತ್ತಿದ್ದ ಅತ್ತೆ ಎದ್ದು ನಿಂತವರೇ ಒಲೆಯ ಪಕ್ಕ ಕುಸಿದುಬಿದ್ದರು. ಅವರಿಗೆ ಮೊದಲಿನಿಂದಲೂ ಬಿಪಿ ಕಡಿಮೆ. ಎಂದಿನಂತೆ ಉಪ್ಪು ಹಾಕಿದ ನಿಂಬೆ ನೀರು ಕುಡಿಸಹೊರಟೆ. ಆದರೆ ಮೈಯೆಲ್ಲ ತಣ್ಣನೆಯ ಬೆವರು, ಮಾತು ತೊದಲುತ್ತಿತ್ತು. ಹೆದರಿ, ನಮ್ಮೂರು ಕೊಳಕೂರಿನಿಂದ ಆಟೋದಲ್ಲಿ ಜೇವರ್ಗಿಯ ಆಸ್ಪತ್ರೆಗೆ ಕರೆದೊಯ್ದೆ.

ಬಿಪಿ ನೋಡಿದ ವೈದ್ಯೆ ಅತ್ತೆಯನ್ನು ಕೇಳಿದರು: "ಸಂಡಾಸ ಕರ್ರಗ ಆಗಾಕತ್ತದೇನ್ರಿ?"

"ನಾಕ್ ದಿನ ಆತ್ರಿ. ಸೊಸಿ ಮುಂದ ಹ್ಯಾಂಗ ಹೇಳ್ಬೇಕ್ರಿ, ನಾಚಿಕಿ ಬಂತು."

ಮಲ ಕಪ್ಪಾಗುವುದು ಒಳಗೆ ರಕ್ತ ಸೋರುತ್ತಿರುವುದರ ಗುರುತು ಎಂದರು ವೈದ್ಯೆ. ಮೊಣಕಾಲು ನೋವಿಗೆ ತಾವೇ ಅಂಗಡಿಯಿಂದ ತಂದು ನುಂಗುತ್ತಿದ್ದ ಗುಳಿಗೆಗಳಿಂದ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು! ಕಲಬುರಗಿಗೆ ಸಾಗಿಸಿ, ರಕ್ತ ಕೊಡಿಸಿದ ಮೇಲೆ ಅತ್ತೆ ಉಳಿದರು.

ಕಡಿಮೆ ಬಿಪಿ ಅವರ ಮೈಗುಣವೆಂದೇ ಇಷ್ಟು ವರ್ಷ ನಂಬಿದ್ದೆ. ಆ ದಿನ ಮನೆಯಲ್ಲೇ ಮಲಗಿಸಿದ್ದರೆ ಅತ್ತೆ ಇಂದು ನಮ್ಮೊಂದಿಗೆ ಇರುತ್ತಿರಲಿಲ್ಲ.