ಡಾಕ್ಟರರ ಸಹಿ

ಕಮಲಾಪುರದ ಸರ್ಕಾರಿ ಡಾಕ್ಟರರು ತಮ್ಮ ಜ್ವರದ ರಜೆಗೆ ತಾವೇ ಸರ್ಟಿಫಿಕೇಟ್ ಬರೆದುಕೊಂಡಿದ್ದರು. ವಿಚಾರಿಸಿಕೊಂಡು ಬಾ ಎಂದು ನಿಜಾಮ ಸರ್ಕಾರದ ಕಲಬುರಗಿ ಕಚೇರಿಯ ಸಾಹೇಬರು ಗುಮಾಸ್ತನಾದ ನನ್ನನ್ನು ಎತ್ತಿನ ಗಾಡಿ ಹತ್ತಿಸಿದರು.

“ನಿಮ್ಮನ್ನ ತಪಾಸ ಮಾಡಿದವ್ರು ಯಾರ್ರೀ?” ಎಂದೆ.

“ನಾನೇ. ಇಲ್ಲಿ ಬ್ಯಾರೆ ಡಾಕ್ಟರ್ ಎಲ್ಲ್ಯಾರ?”

“ಕಲಬುರಗಿಗೆ ಬಂದು ತೋರಿಸ್ಬೇಕಿತ್ತು. ಕಾನೂನು ಹಂಗ ಅದ.”

“ಅಷ್ಟು ದೂರ ಬರೂ ತಾಕತ್ತಿದ್ರ ರಜಾ ಯಾಕ ಬೇಕಿತ್ರೀ? ದವಾಖಾನ್ಯಾಗ ಕುಂತು ರೋಗಿಗಳ್ನ ನೋಡ್ತಿದ್ದೆ.”

ಬಿಸಿಲಿಗೋ ಏನೋ, ಸಂಜೆಗೆ ನನಗೇ ಜ್ವರ ಬಂತು. ಅವರೇ ಮೂರು ದಿನ ಔಷಧ ಕೊಟ್ಟು, ನನಗೂ ಒಂದು ಸರ್ಟಿಫಿಕೇಟ್ ಬರೆದುಕೊಟ್ಟರು.

ಕಲಬುರಗಿಯಲ್ಲಿ ಸಾಹೇಬರು ಡಾಕ್ಟರರ ಪಗಾರ ಮುರಿದರು, ನನ್ನದು ಪೂರಾ ಕೊಟ್ಟರು. ಕೊಡುವ ಮುಂಚೆ ನನ್ನ ಸರ್ಟಿಫಿಕೇಟಿನ ಸಹಿ ಖರೇನೇ ಆ ಡಾಕ್ಟರರದೋ ಅಲ್ಲವೋ ಎಂದು ತಾಳೆ ನೋಡಿದರು ಬಿಡಿ. ನೋಡಿದ್ದು ತಾವು ಆಗಷ್ಟೇ ತಳ್ಳಿಹಾಕಿದ್ದ ಡಾಕ್ಟರರ ಸ್ವಂತ ಸರ್ಟಿಫಿಕೇಟಿನ ಜೊತೆಗೆ.